ಪತ್ತನಾಜೆಗೆ ಮೊದಲು ಹಳೆ ಜೀಪಿನ ಆರೈಕೆ: ಸೋರಿಕೆ ಮತ್ತು ತುಕ್ಕು ತಡೆಯುವುದು ಹೇಗೆ

ತುಳುವರ ಬೇಶ ತಿಂಗಳ ಹತ್ತನೇ ದಿನವಾದ ಪತ್ತನಾಜೆ ಬರುವುದು ಮೇ 24ರ ಆಸುಪಾಸಿನಲ್ಲಿ. ಅಷ್ಟರೊಳಗೆ ಮುಗಿಸಬೇಕಾದ ಕೆಲಸಗಳು ಕಾಸರಗೋಡಿನ ತೋಟದ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅಂಗಳದ ಅಡಿಕೆ ಒಳಗೆ ಬರಬೇಕು, ಕಟ್ಟಿಗೆ ಕೊಟ್ಟಿಗೆ ಸೇರಬೇಕು, ಮಾಡಿನ ಒಡೆದ ಹಂಚು ಬದಲಾಗಬೇಕು. ಮನೆಯಲ್ಲಿ ಬಟ್ಟೆ ಟಾಪಿನ ಹಳೆ ಜೀಪಿದ್ದರೆ ಅದನ್ನೂ ಈ ಸಾಲಿಗೆ ಸೇರಿಸಿ. ಒಂದು ವಾರಾಂತ್ಯ ಅದಕ್ಕಾಗಿ ಇಡಿ. ಜೂನ್ ಬಂದ ಮೇಲೆ ಮಾಡಲು ಹೊರಟರೆ ಒಣಗಿದ ಜಾಗವೇ ಸಿಗುವುದಿಲ್ಲ.

ಮಹೀಂದ್ರದವರು ವಿಲ್ಲಿಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸಲು ಶುರುಮಾಡಿದ್ದು 1947ರಲ್ಲಿ. ಆ ವಂಶದ ಗಾಡಿಗಳು ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಬಂದಡ್ಕದ ಕಡೆ ಇವತ್ತಿಗೂ ಓಡುತ್ತವೆ. ಕೆಲವು ತೋಟದ ಕೆಲಸಕ್ಕೆ, ಕೆಲವು ಅಜ್ಜನ ಕಾಲದ್ದೆಂಬ ಪ್ರೀತಿಗೆ. ಹುಡ್, ಅಂದರೆ ಬಟ್ಟೆಯ ಮಾಡು, ಮಡಚುವ ಹಳೆಯ ಹೆರಾಲ್ಡ್, ಮಾರಿಸ್ ಮೈನರ್ ಕಾರು ಇಟ್ಟುಕೊಂಡವರಿಗೂ ಇಲ್ಲಿ ಹೇಳುವ ಹೆಚ್ಚಿನ ಮಾತು ಹೊಂದುತ್ತದೆ. ಬಟ್ಟೆ ಮಾಡಿನ ಗಾಡಿಗಳ ಕಷ್ಟ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ.

ಮೊದಲು ಒಂದು ವಿಷಯ ಒಪ್ಪಿಕೊಳ್ಳೋಣ. ಇಂಥ ಗಾಡಿಯೊಳಗೆ ಒಂದು ಹನಿಯೂ ಬರದಂತೆ ಮಾಡಲು ಆಗುವುದಿಲ್ಲ. ಕಟ್ಟಿದವರಿಗೂ ಅದು ಗೊತ್ತಿತ್ತು. ಅದಕ್ಕೇ ಅವರು ಬಾಡಿಯಲ್ಲಿ ಅಲ್ಲಲ್ಲಿ ನೀರು ಇಳಿಯಲು ತೂತು ಬಿಟ್ಟರು. ಬರುವ ನೀರನ್ನು ಆದಷ್ಟು ಕಡಿಮೆ ಮಾಡಬೇಕು, ಬಂದದ್ದು ಬೇಗ ಹೊರಗೆ ಹೋಗಬೇಕು, ಒಳಗೆ ಗಾಳಿ ಆಡಬೇಕು. ಈ ಮೂರರಲ್ಲಿ ಮೊದಲನೆಯದಕ್ಕೇ ಜನ ದುಡ್ಡು ಸುರಿಯುತ್ತಾರೆ. ಗಾಡಿಯನ್ನು ಉಳಿಸುವುದು ಮಾತ್ರ ಉಳಿದೆರಡು.

ನಮ್ಮ ಕಡೆ ತುಕ್ಕು ಎಲ್ಲಿಂದ ಬರುತ್ತದೆ

ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಮಂಜೇಶ್ವರ, ಉಪ್ಪಳ, ಕುಂಬಳೆಯಲ್ಲಿ ಕಡಲು ಹತ್ತಿರ, ಗಾಳಿಯಲ್ಲೇ ಉಪ್ಪಿದೆ. ಉಪ್ಪಿನ ಪುಡಿ ಗಾಳಿಯಿಂದ ತೇವ ಎಳೆದುಕೊಂಡು ತಗಡಿನ ಮೇಲೆ ಅಂಟಿ ಕೂರುತ್ತದೆ. ಹಾಗಾಗಿ ಮಳೆ ಇಲ್ಲದ ದಿನವೂ ಅಲ್ಲಿ ತಗಡು ಒದ್ದೆಯೇ. ಉಪ್ಪುನೀರಿನಲ್ಲಿ ತುಕ್ಕಿನ ವೇಗವೂ ಜಾಸ್ತಿ.

ತೋಟದ ಕಡೆ ಬೇರೆ ತೊಂದರೆ. ಇದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಹಿಂದಿನ ಸೀಟು ಮಡಚಿ ನಾವು ಏನೆಲ್ಲ ಸಾಗಿಸುತ್ತೇವೆ, ಯೋಚಿಸಿ. ಕೊಳೆರೋಗದ ಮದ್ದಿಗೆ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್. ಅಡಿಕೆ, ತೆಂಗಿಗೆ ಪೊಟ್ಯಾಷ್ ಗೊಬ್ಬರ. ರಬ್ಬರ್ ಇರುವವರಾದರೆ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಸಿಡ್. ಈ ಮೂರೂ ಜೀಪಿನ ಫ್ಲೋರಿಗೆ ಮಳೆಗಿಂತ ದೊಡ್ಡ ಶತ್ರುಗಳು.

ತುತ್ತು, ಸುಣ್ಣ ಬೆರೆಸಿ ಬೋರ್ಡೋ ಮದ್ದು ಮಾಡುವವರಿಗೆ ಚೂರಿ ಪರೀಕ್ಷೆ ಗೊತ್ತಲ್ವಾ? ಹೊಳೆಯುವ ಕಬ್ಬಿಣದ ಚೂರಿಯನ್ನು ದ್ರಾವಣದಲ್ಲಿ ಅದ್ದಿ ನೋಡುತ್ತೇವೆ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಎಂದು ಅರ್ಥ. ಆ ಕೆಂಪು ತಾಮ್ರ. ತಾಮ್ರ ಕೂತಷ್ಟೂ ಕಬ್ಬಿಣ ಕರಗಿ ನೀರಿಗೆ ಹೋಗಿರುತ್ತದೆ. ಹರಿದ ಚೀಲದಿಂದ ಉದುರಿದ ತುತ್ತಿನ ಹರಳು ಮ್ಯಾಟಿನಡಿ ಒದ್ದೆಯಾದರೆ ನಿಮ್ಮ ಫ್ಲೋರಿನಲ್ಲಿ ಆಗುವುದೂ ಇದೇ. ಸಾಲದ್ದಕ್ಕೆ ಕಬ್ಬಿಣದ ಮೇಲೆ ಕೂತ ತಾಮ್ರ ಸುತ್ತಲಿನ ತುಕ್ಕನ್ನು ಇನ್ನಷ್ಟು ಓಡಿಸುತ್ತದೆ. ಪೊಟ್ಯಾಷ್ ಎಂದರೆ ಪೊಟ್ಯಾಸಿಯಮ್ ಕ್ಲೋರೈಡ್. ಅದೂ ಒಂದು ಉಪ್ಪೇ. ಕಡಲಿನಿಂದ ನಲವತ್ತು ಕಿಲೋಮೀಟರ್ ದೂರ ಇದ್ದರೂ ಫ್ಲೋರಿನಲ್ಲಿ ಉಪ್ಪುನೀರು ನಿಂತ ಹಾಗಾಯಿತು.

ಇವನ್ನೆಲ್ಲ ಸಾಗಿಸಬೇಡಿ ಎಂದರೆ ನಡೆಯುವ ಮಾತಲ್ಲ. ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿಟ್ಟು ಸಾಗಿಸಿ. ಚೀಲದಡಿ ಗೋಣಿ ಹಾಸಬೇಡಿ, ಅದು ಎಲ್ಲವನ್ನೂ ಹೀರಿ ತಗಡಿಗೆ ಒತ್ತಿ ಹಿಡಿಯುತ್ತದೆ. ಚೆಲ್ಲಿದರೆ ಅವತ್ತೇ ಧಾರಾಳ ನೀರು ಹಾಕಿ ತೊಳೆಯಿರಿ. ಆಸಿಡ್ ಚೆಲ್ಲಿದ್ದರೆ ತೊಳೆದ ಮೇಲೆ ಅಡುಗೆ ಸೋಡಾ ಕದಡಿದ ನೀರು ಸುರಿದು ಮತ್ತೆ ತೊಳೆಯಿರಿ. ಬ್ಯಾಟರಿ ಕೂರುವ ತಟ್ಟೆಗೂ ಇದೇ ಉಪಚಾರ. ಮೀನಿನ ಪೆಟ್ಟಿಗೆಯ ಮಂಜುಗಡ್ಡೆ ನೀರು ಇಳಿದಿದ್ದರೂ ನಾಳೆಗೆ ಬಿಡಬೇಡಿ.

ಸೋರುವ ಜಾಗ ಹುಡುಕುವುದು

ಹನಿ ಬೀಳುವ ಜಾಗವೇ ಸೋರುವ ಜಾಗ ಎಂದುಕೊಳ್ಳಬೇಡಿ. ನೀರು ಹುಡ್‌ನ ಕಮಾನಿನ ಕೊಳವೆ ಹಿಡಿದು, ಗಾಜಿನ ಫ್ರೇಮಿನ ಒಳಗಿಂದ ಇಳಿದು, ಎಲ್ಲೋ ಒಂದು ಮೂಲೆಯಲ್ಲಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಪರೀಕ್ಷೆ ಮಾಡದೆ ಯಾವ ಅಂಟನ್ನೂ ಕೊಳ್ಳಬೇಡಿ.

ಇಬ್ಬರು ಬೇಕು. ಸೀಟು, ಮ್ಯಾಟು ಎಲ್ಲ ತೆಗೆದು ಒಳಗನ್ನು ಪೂರ್ತಿ ಒಣಗಿಸಿ. ಫ್ಲೋರಿಗೆ ಹಳೆ ಪೇಪರ್ ಹಾಸಿ. ಒಬ್ಬರು ಟಾರ್ಚ್ ಮತ್ತು ಸೀಮೆಸುಣ್ಣ ಹಿಡಿದು ಒಳಗೆ ಕೂರಲಿ. ಹೊರಗಿನವರು ತೋಟದ ಪೈಪಿನಿಂದ ಮೆಲ್ಲಗೆ ನೀರು ಬಿಡಲಿ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ ಬೇಡ. ಅದು ಮಳೆ ಎಂದೂ ಹೋಗದ ಜಾಗಕ್ಕೆ ನೀರು ನುಗ್ಗಿಸಿ ನಿಮ್ಮನ್ನು ದಾರಿ ತಪ್ಪಿಸುತ್ತದೆ.

ನೀರು ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಇದು ಮುಖ್ಯ. ಮೊದಲು ಬಾಗಿಲಿನ ಕೆಳಭಾಗ, ಆಮೇಲೆ ಗಾಜಿನ ಫ್ರೇಮಿನ ಬುಡ, ವೈಪರ್ ಕಡ್ಡಿ ಹೊರಬರುವ ಜಾಗ, ಗಾಜಿನ ನಾಲ್ಕು ಮೂಲೆ, ಹುಡ್ ಮತ್ತು ಫ್ರೇಮ್ ಸೇರುವ ಮುಂದಿನ ಅಂಚು, ಕೊನೆಗೆ ಹುಡ್‌ನ ಹೊಲಿಗೆಗಳು. ಒಂದೊಂದು ಕಡೆಯೂ ನಾಲ್ಕೈದು ನಿಮಿಷ ನೀರು ಬೀಳಲಿ. ಮೇಲಿನಿಂದ ಶುರುಮಾಡಿದರೆ ಎಲ್ಲ ಒಟ್ಟಿಗೆ ಒದ್ದೆಯಾಗಿ ಯಾವುದು ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ನೀರು ಕಂಡ ಕೂಡಲೇ ಒಳಗಿನವರು ಗುರುತು ಹಾಕಲಿ.

ರಬ್ಬರ್ ಬೀಡಿಂಗ್ ಸರಿಯಾಗಿ ಒತ್ತುತ್ತಿದೆಯೇ ನೋಡಲು ಒಂದು ನೋಟು ಸಾಕು. ಬಾಗಿಲಿನ ಸಂದಿಗೆ ನೋಟು ಇಟ್ಟು ಮುಚ್ಚಿ ಎಳೆಯಿರಿ. ಬಿಗಿಯಾಗಿ ಬಂದರೆ ಒಳ್ಳೆಯದು. ಸುಮ್ನೆ ಜಾರಿ ಬಂದರೆ ಅಲ್ಲಿ ಬೀಡಿಂಗ್ ಸತ್ತಿದೆ, ಇಲ್ಲವೇ ಬಾಗಿಲು ಜೋತುಬಿದ್ದಿದೆ. ಹಳೆ ಜೀಪಿನಲ್ಲಿ ಎರಡನೆಯದೇ ಜಾಸ್ತಿ. ಕೀಲಿನ ಪಿನ್ನು ಸವೆದಿದ್ದರೆ ಎಷ್ಟು ಹೊಸ ಬೀಡಿಂಗ್ ಹಾಕಿದರೂ ದುಡ್ಡು ದಂಡ. ಮೊದಲು ಕೀಲು ಸರಿಮಾಡಿಸಿ.

ಇನ್ನೊಂದು ಪರೀಕ್ಷೆ ಕೆಳಗಿನ ನೀರಿಗೆ. ಹೊಸ ಪೇಪರ್ ಹಾಸಿ, ಮಳೆ ಇಲ್ಲದ ಹೊತ್ತಿನಲ್ಲಿ ಒದ್ದೆ ರಸ್ತೆಯಲ್ಲಿ ಓಡಿಸಿ ಬನ್ನಿ. ಪೇಪರ್ ನೆನೆದಿದ್ದರೆ ನೀರು ಬಂದದ್ದು ಚಕ್ರದಿಂದ. ಪೆಡಲ್ ಹೊರಬರುವ ತೂತು, ವಯರ್ ಹೋಗುವ ಜಾಗದ ಒಡೆದ ರಬ್ಬರ್, ಹಿಂದೆ ಯಾರೋ ಏನೋ ಕೂರಿಸಿ ತೆಗೆದು ಬಿಟ್ಟ ಬೋಲ್ಟಿನ ತೂತು, ಇವನ್ನು ನೋಡಿ. ಹಳೆ ಗಾಡಿಗಳಲ್ಲಿ ಇಂಥ ಅನಾಥ ತೂತುಗಳು ಬೇಕಾದಷ್ಟಿರುತ್ತವೆ.

ಹುಡ್

ಹಳೆಯ ಕ್ಯಾನ್ವಾಸ್ ಹುಡ್ ಸೋರಿದರೆ ಮೊದಲು ನೋಡಬೇಕಾದದ್ದು ಹೊಲಿಗೆ. ಬಟ್ಟೆಯ ಸರದಿ ಆಮೇಲೆ. ಸೂಜಿ ಹೋದ ಪ್ರತಿ ತೂತೂ ನೀರಿಗೆ ಬಾಗಿಲು. ಮೊದಲಿನವರು ಹತ್ತಿ ದಾರ ಬಳಸುತ್ತಿದ್ದರು. ಅದು ಒದ್ದೆಯಾದಾಗ ಉಬ್ಬಿ ತೂತು ಮುಚ್ಚುತ್ತದೆ, ಆದರೆ ನಮ್ಮ ಮಳೆಗೆ ಬೇಗ ಕೊಳೆಯುತ್ತದೆ. ಈಗ ಪಾಲಿಯೆಸ್ಟರ್ ದಾರ ಒಳ್ಳೆಯದು. ಕೊಳೆಯುವುದಿಲ್ಲ, ಆದರೆ ತೂತನ್ನೂ ಮುಚ್ಚುವುದಿಲ್ಲ. ಹಾಗಾಗಿ ಹೊಲಿಗೆಯ ಮೇಲೆ ಏನಾದರೂ ಹಚ್ಚಲೇಬೇಕು.

ಕ್ಯಾನ್ವಾಸಿಗೆ ಜೇನುಮೇಣದಷ್ಟು ಸುಲಭದ ಮದ್ದು ಇನ್ನೊಂದಿಲ್ಲ. ತೋಟದಲ್ಲಿ ಜೇನುಪೆಟ್ಟಿಗೆ ಇಟ್ಟವರ ಹತ್ತಿರ ಸಿಗುತ್ತದೆ. ಹುಡ್ ಬಿಗಿಯಾಗಿ ಎಳೆದು ಕೂರಿಸಿ, ಬಿಸಿಲಿಗೆ ಕಾಯಲು ಬಿಡಿ. ಮೇಣದ ಗಟ್ಟಿಯನ್ನು ಹೊಲಿಗೆಯ ಉದ್ದಕ್ಕೂ ಉಜ್ಜಿ. ಆಮೇಲೆ ಹೇರ್ ಡ್ರೈಯರ್‌ನಿಂದ ಬಿಸಿಗಾಳಿ ಕೊಟ್ಟರೆ ಮೇಣ ಕರಗಿ ದಾರದೊಳಗೆ ಇಳಿಯುತ್ತದೆ. ಒಳಗಿನಿಂದಲೂ ಹೀಗೇ ಮಾಡಿ. ರೆಕ್ಸಿನ್ ಹುಡ್ ಆದರೆ ಮೇಣ ಹಿಡಿಯುವುದಿಲ್ಲ. ಅದಕ್ಕೆ ಟೆಂಟ್, ರೇನ್‌ಕೋಟಿಗೆ ಹಚ್ಚುವಂಥ ಸೀಮ್ ಸೀಲರ್ ತಂದು ಸಣ್ಣ ಬ್ರಷ್ಷಿನಲ್ಲಿ ಹಚ್ಚಿ.

ಹುಡ್ ತೊಳೆಯಲು ಮೃದುವಾದ ಸೋಪುನೀರು, ಮೆತ್ತನೆಯ ಬ್ರಷ್ಷು. ಬಟ್ಟೆ ಒಗೆಯುವ ಪುಡಿ ನೀರು ತಡೆಯುವ ಪದರವನ್ನೇ ತೊಳೆದುಬಿಡುತ್ತದೆ. ಬೂಷ್ಟು ಹಿಡಿದರೆ ಬ್ಲೀಚಿಂಗ್ ಪೌಡರ್ ಹಾಕಲು ಹೋಗಬೇಡಿ, ದಾರ ಹಾಳಾಗುತ್ತದೆ. ನೀರು ಬೆರೆಸಿದ ವಿನೆಗರ್‌ನಿಂದ ಉಜ್ಜಿ ಚೆನ್ನಾಗಿ ತೊಳೆದರೆ ಸಾಕು. ಹಿಂದಿನ ಪ್ಲಾಸ್ಟಿಕ್ ಕಿಟಕಿಯ ಹತ್ತಿರ ಪೆಟ್ರೋಲು, ತಿನ್ನರ್ ಸುಳಿಯಬಾರದು. ಒಮ್ಮೆ ಮಬ್ಬಾದರೆ ಮತ್ತೆ ಮೊದಲಿನಂತಾಗುವುದಿಲ್ಲ.

ಒದ್ದೆ ಹುಡ್ಡನ್ನು ಮಡಚಿ ಇಡಬೇಡಿ. ಈ ಒಂದು ನಿಯಮ ಪಾಲಿಸಿದರೆ ಹುಡ್‌ನ ಆಯುಷ್ಯ ನಿಜವಾಗಿಯೂ ಹೆಚ್ಚುತ್ತದೆ. ಮಳೆಗಾಲದಲ್ಲಿ ಹುಡ್ ಮೇಲೆಯೇ ಇರಲಿ, ಬಿಗಿಯಾಗಿ ಇರಲಿ. ಜೋಲುಬಿದ್ದ ಕಡೆ ನೀರು ನಿಲ್ಲುತ್ತದೆ. ನಿಂತ ನೀರಿನ ಭಾರಕ್ಕೆ ಬಟ್ಟೆ ಇನ್ನೂ ಜೋಲುತ್ತದೆ.

ಹೊಸ ಹುಡ್ ಹೊಲಿಸುವವರು ಸೀಟ್ ಕೆಲಸದವರಿಗೆ ಎರಡು ಮಾತು ಮೊದಲೇ ಹೇಳಿ. ಮೇಲಿನ ಹೊಲಿಗೆಯ ಮಡಿಕೆ ಹಿಂದಕ್ಕೆ ಮತ್ತು ಕೆಳಕ್ಕೆ ಬೀಳಲಿ, ಹಂಚು ಹೊದೆಸಿದಂತೆ. ಮುಂದಿನ ಅಂಚು ಗಾಜಿನ ಫ್ರೇಮಿನ ಮೇಲೆ ಎರಡು ಬೆರಳಿನಷ್ಟಾದರೂ ಹೊರಕ್ಕೆ ಇಳಿಯಲಿ. ಓಡುವ ಗಾಡಿಗೆ ಮಳೆ ಎದುರಿನಿಂದ ಬರುತ್ತದೆ. ಅಂಚು ಗಿಡ್ಡವಾದರೆ ಚಾಲಕರ ಮಡಿಲಿಗೇ ನೀರು.

ಗಾಜು, ರಬ್ಬರ್, ಸಿಲಿಕಾನ್

ಮುಂದಿನ ಗಾಜಿನ ಫ್ರೇಮ್ ಕೆಳಗಿನ ಎರಡು ಮೂಲೆಗಳಲ್ಲಿ ಮೊದಲು ಕೊಳೆಯುತ್ತದೆ. ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಹೊಸದು ಹಾಕಿಸಿ. ರಬ್ಬರ್ ಮೆತ್ತಗಿದ್ದೂ ಸೋರಿದರೆ ಅದರ ಅಂಚು ಎತ್ತಿ, ಗಟ್ಟಿಯಾಗದ ಬ್ಯುಟೈಲ್ ಸೀಲೆಂಟ್ ತುಂಬಿಸಿ.

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕಡಿಮೆ ಬೆಲೆಯ ಸಿಲಿಕಾನ್ ಬೇಡ. ಹಚ್ಚುವಾಗ ವಿನೆಗರ್ ವಾಸನೆ ಬಂದರೆ ಅದರಿಂದ ಅಸಿಟಿಕ್ ಆಸಿಡ್ ಹೊರಡುತ್ತಿದೆ ಎಂದರ್ಥ. ಬರೀ ತಗಡಿಗೆ ಅದು ತಾಗಿದರೆ ಸೋರಿಕೆ ನಿಂತರೂ ಒಳಗಿಂದ ತುಕ್ಕು ಶುರು. ಅದರ ಮೇಲೆ ಪೇಂಟ್ ಕೂಡ ಹಿಡಿಯುವುದಿಲ್ಲ. ಸಿಲಿಕಾನೇ ಬೇಕಾದರೆ ನ್ಯೂಟ್ರಲ್ ಎಂದು ಬರೆದದ್ದು ಕೇಳಿ ತನ್ನಿ. ಇಲ್ಲವಾದರೆ ಪಾಲಿಯುರೆಥೇನ್ ಸೀಲೆಂಟ್.

ರಬ್ಬರ್ ಬೀಡಿಂಗಿಗೆ ಗ್ರೀಸ್, ತೆಂಗಿನೆಣ್ಣೆ, ಡೀಸೆಲ್ ಹಚ್ಚುವ ಅಭ್ಯಾಸ ಬಿಟ್ಟುಬಿಡಿ. ಎಣ್ಣೆಗೆ ರಬ್ಬರ್ ಉಬ್ಬಿ ಮೆತ್ತಗಾಗಿ ಹರಿಯುತ್ತದೆ. ಸಿಲಿಕಾನ್ ಗ್ರೀಸ್ ತೆಳ್ಳಗೆ ಹಚ್ಚಬಹುದು. ಟಾಲ್ಕಂ ಪೌಡರ್ ಕೂಡ ನಡೆಯುತ್ತದೆ.

ನೀರು ಇಳಿಯುವ ತೂತುಗಳು

ಇಲ್ಲಿಗೆ ಬಂದಾಗ ದಯವಿಟ್ಟು ಅವಸರ ಮಾಡಬೇಡಿ. ಬಾಗಿಲಿನ ಕೆಳ ಅಂಚು, ಗಾಜಿನ ಮುಂದಿನ ಗಾಳಿಕಿಂಡಿಯ ತಳ, ಸೀಟಿನ ಕೆಳಗಿನ ಸಾಮಾನು ಪೆಟ್ಟಿಗೆ, ಚಾಸಿಯ ಪೆಟ್ಟಿಗೆಯಾಕಾರದ ಕಂಬಿಗಳು, ಹಿಂದಿನ ಫ್ಲೋರಿನ ಮೂಲೆಗಳು. ಇಲ್ಲೆಲ್ಲ ತೂತುಗಳಿವೆ ಅಥವಾ ಇದ್ದವು. ಹಳೆ ಜೀಪಿನಲ್ಲಿ ಡೀಸೆಲ್ ಅಥವಾ ಪೆಟ್ರೋಲ್ ಟ್ಯಾಂಕು ಚಾಲಕರ ಸೀಟಿನಡಿ ಇದ್ದರೆ ಅದು ಕೂರುವ ಗುಂಡಿಯನ್ನೂ ನೋಡಿ. ಮಣ್ಣು, ಎಲೆ, ನೀರು ಎಲ್ಲ ಬಂದು ಸೇರುವ ಜಾಗ ಅದು. ಟ್ಯಾಂಕಿನ ತಳ ಕೊಳೆಯುವುದು ಅಲ್ಲೇ.

ಹಲಸು, ರಬ್ಬರ್ ಮರದಡಿ ನಿಲ್ಲಿಸುವ ಗಾಡಿಯಲ್ಲಿ ಈ ತೂತುಗಳು ಎಲೆಯ ಗೊಬ್ಬರದಿಂದ ಮುಚ್ಚಿರುತ್ತವೆ. ಪೇಂಟ್ ಮಾಡಿಸಿದ ಗಾಡಿಯಲ್ಲಿ ಪುಟ್ಟಿಯೇ ಅವನ್ನು ಮುಚ್ಚಿರುತ್ತದೆ. ಹಿಡಿಸೂಡಿಯ ಗಟ್ಟಿ ಕಡ್ಡಿ ಹಾಕಿ ಬಿಡಿಸಿ. ಕಬ್ಬಿಣದ ಸರಿಗೆ ಬೇಡ, ತೂತಿನ ಅಂಚಿನ ಪೇಂಟ್ ಕೆರೆದು ಹೋಗುತ್ತದೆ. ಆಮೇಲೆ ಒಂದು ಚೊಂಬು ನೀರು ಹೊಯ್ದು, ಅದು ಕೆಳಗೆ ಬೀಳುವುದನ್ನು ಕಣ್ಣಾರೆ ನೋಡಿ. ಬೀಳಲಿಲ್ಲ ಎಂದರೆ ಅದು ಒಳಗೇ ಎಲ್ಲೋ ನಿಂತಿದೆ. ಹಿಡಿಯುವಷ್ಟು ಕೆಸರು ಬಂದರೆ ಆಶ್ಚರ್ಯಪಡಬೇಡಿ, ಪೂರ್ತಿ ಬರುವವರೆಗೂ ತೊಳೆಯಿರಿ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಈ ಕಡ್ಡಿ ಕೆಲಸ ಬೇಕು.

ಫ್ಲೋರಿನ ಕೆಳಗೆ ಅಡ್ಡಕ್ಕೆ ಕೂರಿಸಿದ ಚಾನೆಲ್‌ಗಳನ್ನೂ ಬಗ್ಗಿ ನೋಡಿ. ಎರಡನೇ ಮಹಾಯುದ್ಧದ ಜೀಪುಗಳಲ್ಲಿ ಈ ಚಾನೆಲ್‌ಗಳ ಒಳಗೆ ಮರದ ಪಟ್ಟಿ ತುಂಬಿಸುತ್ತಿದ್ದರು. ಮರ ನೀರು ಹೀರಿ ಹಿಡಿದಿಟ್ಟು ತಗಡನ್ನು ಕೊಳೆಸುತ್ತಿತ್ತು. ನಿಮ್ಮ ಗಾಡಿಯಲ್ಲಿ ಮರ ಇಲ್ಲದಿದ್ದರೂ ಮಣ್ಣು ತುಂಬಿದರೆ ಅದೇ ಕತೆ.

ತುಕ್ಕು ಕಂಡರೆ

ಮೊದಲು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ತಗಡಿನ ಸದ್ದೇ ಬೇರೆ, ಕೊಳೆತದ್ದು ಮಂಕಾಗಿ ಕೇಳುತ್ತದೆ. ಅನುಮಾನ ಬಂದ ಕಡೆ ಮೊನೆಯಿಂದ ಒತ್ತಿ. ಒಳಗೆ ಹೋಯಿತೋ, ಅದು ಟಿಂಕರಿಂಗ್‌ನವರ ಕೆಲಸ.

ಮೇಲ್ಮೈ ತುಕ್ಕಾದರೆ ನೀವೇ ಮಾಡಬಹುದು. ಉಬ್ಬಿದ ಪೇಂಟನ್ನೆಲ್ಲ ಕೆರೆದು ತೆಗೆಯಿರಿ. ಪೇಂಟಿನಡಿ ತುಕ್ಕು ಕಣ್ಣಿಗೆ ಕಾಣುವುದಕ್ಕಿಂತ ಜಾಸ್ತಿ ದೂರ ಹರಡಿರುತ್ತದೆ. ಆದ್ದರಿಂದ ಹೊಳೆಯುವ ತಗಡು ಸಿಗುವವರೆಗೆ ವಯರ್ ಬ್ರಷ್ಷು, ಎಮರಿ ಪೇಪರ್ ಹಾಕಿ. ಸಣ್ಣ ಗುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ ಹಚ್ಚಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಮರೆಯಬೇಡಿ. ಡಬ್ಬದ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಹೇಳಿದಂತೆ ತೊಳೆದು ಒಣಗಿಸಿ. ನಂತರ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪೇಂಟ್.

ರೆಡ್ ಆಕ್ಸೈಡ್ ಬಗ್ಗೆ ಒಂದು ಮಾತು. ಗೇಟಿಗೆ ಹೊಡೆದು ಉಳಿದದ್ದನ್ನು ಜೀಪಿನಡಿಗೆ ಹೊಡೆದು, ಆಯಿತು ಎಂದುಕೊಳ್ಳುವವರು ತುಂಬ ಜನ. ಅದು ಬರೀ ಪ್ರೈಮರ್. ತೇವ ಅದರೊಳಗೆ ಇಳಿಯುತ್ತದೆ. ಮೇಲೆ ಪೇಂಟ್ ಬೀಳದಿದ್ದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕೆಳಗೆ ತುಕ್ಕು ಎದ್ದಿರುತ್ತದೆ.

ತೂತಾದ ಕಡೆ ತುಕ್ಕು ಹಿಡಿದ ಭಾಗವನ್ನು ಕತ್ತರಿಸಿ ತೆಗೆದು 18 ಗೇಜ್, ಅಂದರೆ ಸುಮಾರು 1.2 ಮಿ.ಮೀ. ದಪ್ಪದ ತಗಡು ವೆಲ್ಡ್ ಮಾಡಿಸಿ. ಹಳೆ ತುಕ್ಕಿನ ಮೇಲೆಯೇ ತಗಡು ಕೂರಿಸಲು ಬಿಡಬೇಡಿ. ಎರಡು ತಗಡಿನ ನಡುವೆ ನೀರು ನಿಂತು ಹೊಸದನ್ನೂ ತಿನ್ನುತ್ತದೆ. ಫೈಬರ್ ಮತ್ತು ಪುಟ್ಟಿಯಿಂದ ಫ್ಲೋರ್ ಮುಚ್ಚುವುದು ಅಪಾಯ, ಅಲ್ಲಿ ಜನ ಕಾಲಿಡುತ್ತಾರೆ. ವೆಲ್ಡಿಂಗ್ ಮೊದಲು ಬ್ಯಾಟರಿ ಕಳಚಿ. ಸೀಟಿನಡಿ ಟ್ಯಾಂಕಿದ್ದರೆ ಅದನ್ನು ಬಿಚ್ಚಿ ದೂರ ಇಡಿಸಿ. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಕಡಿಮೆ ಅಪಾಯ ಎಂದು ಯಾರು ಹೇಳಿದರೂ ಕೇಳಬೇಡಿ. ಅದರಲ್ಲಿ ಉಳಿದ ಆವಿಯೇ ಸಿಡಿಯುವುದು.

ಕೆಳಗಿನ ಕೋಟಿಂಗ್ ಮತ್ತು ಕರಿ ಆಯಿಲ್

ಡಾಂಬರಿನಂಥ ದಪ್ಪ ಅಂಡರ್‌ಬಾಡಿ ಕೋಟಿಂಗ್ ಹೊಸ ತಗಡಿಗೆ ಒಳ್ಳೆಯದು. ಹಳೆ ಗಾಡಿಗೆ ಅಷ್ಟು ಒಳ್ಳೆಯದಲ್ಲ. ವರ್ಷ ಕಳೆದಂತೆ ಅದು ಗಟ್ಟಿಯಾಗಿ ಬಿರುಕು ಬಿಡುತ್ತದೆ. ನೀರು ಅದರ ಹಿಂದೆ ಸೇರಿ ಯಾರ ಕಣ್ಣಿಗೂ ಬೀಳದೆ ಕೆಲಸ ಮಾಡುತ್ತದೆ. ಹೊರಗಿನಿಂದ ಕಪ್ಪಗೆ ಚೆಂದ ಕಾಣುತ್ತದೆ, ಒಳಗೆ ತಗಡೇ ಇರುವುದಿಲ್ಲ. ಸ್ವಚ್ಛ ಮಾಡಿ ಎಪಾಕ್ಸಿ ಹೊಡೆದು, ಅದರ ಮೇಲೆ ಮೇಣದ ತರಹದ, ಗಟ್ಟಿಯಾಗದ ಕೋಟಿಂಗ್ ಹಚ್ಚುವುದು ನನ್ನ ಪ್ರಕಾರ ಉತ್ತಮ. ವರ್ಷಕ್ಕೊಮ್ಮೆ ಹಚ್ಚಬೇಕು, ನಿಜ. ಆದರೆ ಕೆಳಗೆ ಏನಾಗುತ್ತಿದೆ ಎಂದು ಕಾಣುತ್ತದೆ. ಬಾಗಿಲು, ಚಾಸಿಯ ಒಳಭಾಗಕ್ಕೆ ಉದ್ದ ನಳಿಗೆಯ ಕ್ಯಾವಿಟಿ ವ್ಯಾಕ್ಸ್ ಸ್ಪ್ರೇ ಸಿಗುತ್ತದೆ. ಹೊಡೆದ ಮೇಲೆ ನೀರಿನ ತೂತು ಮುಚ್ಚಿಲ್ಲ ಎಂದು ಮತ್ತೆ ನೋಡಿ.

ಗ್ಯಾರೇಜಿನಿಂದ ಕರಿ ಆಯಿಲ್ ತಂದು ಅಡಿಗೆಲ್ಲ ಹೊಡೆಯುವುದು ನಮ್ಮಲ್ಲಿ ಹಳೆಯ ರೂಢಿ. ಇದನ್ನು ನಿಲ್ಲಿಸಬೇಕು. ಬಳಸಿದ ಆಯಿಲ್‌ನಲ್ಲಿ ಆಸಿಡ್ ಅಂಶ ಸೇರಿರುತ್ತದೆ. ಸ್ಪ್ರಿಂಗ್ ಬುಷ್, ಬಾಡಿ ಮೌಂಟ್‌ನಂಥ ರಬ್ಬರ್ ಭಾಗಗಳನ್ನು ಅದು ಕೆಡಿಸುತ್ತದೆ. ಚರ್ಮಕ್ಕೂ ಕೆಟ್ಟದ್ದು. ಅದಕ್ಕಿಂತ ದೊಡ್ಡ ಮಾತು ನೀರಿನದು. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ ನೀರನ್ನು ಸುಲಭವಾಗಿ ಒಳಕ್ಕೆ ಬಿಡುತ್ತದೆ. ಅದರಿಂದಲೇ ಇಲ್ಲಿ ಸುರಂಗ ತೋಡಿ ನೀರು ತೆಗೆಯಲು ಆಗುತ್ತದೆ. ಗುಡ್ಡದ ಮೇಲಿನ ಶೆಡ್ಡಿನಲ್ಲಿ ತೊಟ್ಟಿಕ್ಕಿದ ಆಯಿಲ್ ಮಳೆಯೊಂದಿಗೆ ಇಳಿದು ಕೆಳಗಿನ ಮನೆಯವರ ಸುರಂಗಕ್ಕೋ ಬಾವಿಗೋ ಸೇರಬಹುದು. ಜೀಪು ಉಳಿಸಲು ಕುಡಿಯುವ ನೀರು ಕೆಡಿಸುವುದು ಸರಿಯಲ್ಲ.

ಮಳೆ ಹಿಡಿದ ಮೇಲೆ

ಮಳೆಗಾಲದಲ್ಲಿ ಮ್ಯಾಟು ಬೇಡವೇ ಬೇಡ. ರಬ್ಬರ್ ಮ್ಯಾಟಿನಡಿ ಸೇರಿದ ನೀರು ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ತಾನಾಗಿ ಒಣಗುವುದಿಲ್ಲ. ಪೇಂಟ್ ಇರುವ ಬರೀ ಫ್ಲೋರ್ ಸಾಕು. ಒದ್ದೆಯಾದರೆ ಒರೆಸಿಬಿಡಬಹುದು.

ನಿಲ್ಲಿಸಲು ಮಾಡು ಇರುವ, ಬದಿ ತೆರೆದ ಶೆಡ್ಡೇ ಒಳ್ಳೆಯದು. ಪ್ಲಾಸ್ಟಿಕ್ ಟರ್ಪಾಲನ್ನು ನೇರ ಬಾಡಿಯ ಮೇಲೆ ಹೊದೆಸಿ ಹಗ್ಗ ಬಿಗಿದರೆ ಒಳಗೆ ಬೆವರು ಹನಿದು, ಮಳೆಗೆ ಬಿಟ್ಟದ್ದಕ್ಕಿಂತ ಜಾಸ್ತಿ ಹಾಳಾಗುತ್ತದೆ. ಶೆಡ್ ಇಲ್ಲದವರು ನಾಲ್ಕು ಕಂಬ ನೆಟ್ಟು ಟರ್ಪಾಲನ್ನು ಒಂದೆರಡು ಅಡಿ ಮೇಲೆ ಕಟ್ಟಿ. ನೆಲ ಮಣ್ಣಿನದಾದರೆ ಜಲ್ಲಿ ಹಾಸಿ. ಹುಲ್ಲಿನ ಮೇಲೆ ನಿಂತ ಗಾಡಿಯ ಚಾಸಿ ಬೆಳಗಿನಿಂದ ಸಂಜೆಯವರೆಗೂ ತೇವದಲ್ಲೇ ಇರುತ್ತದೆ. ಮಳೆ ಬಿಟ್ಟ ಗಳಿಗೆಯಲ್ಲಿ ಬದಿಯ ಪರದೆ ಎತ್ತಿ, ಬಾಗಿಲು ತೆರೆದಿಡಿ. ಮನೆಯ ಟೇಬಲ್ ಫ್ಯಾನು ಒಂದು ಗಂಟೆ ಒಳಗೆ ತಿರುಗಿದರೂ ವ್ಯತ್ಯಾಸ ಗೊತ್ತಾಗುತ್ತದೆ. ವಾರಕ್ಕೊಮ್ಮೆ ಇಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿ. ಟ್ಯಾಂಕು ತುಂಬಿಯೇ ಇರಲಿ, ಖಾಲಿ ಜಾಗ ಇದ್ದಷ್ಟೂ ಒಳಗೆ ನೀರು ಹನಿಗಟ್ಟುತ್ತದೆ.

ಹೊಳೆ ಕಡಲು ಸೇರುವ ಕಡೆ, ಶಿರಿಯ ಅಥವಾ ಮೊಗ್ರಾಲ್ ಹೊಳೆಯ ಕೆಳಭಾಗದಲ್ಲಿ, ರಸ್ತೆ ಮೇಲೆ ನಿಂತ ನೀರು ಉಪ್ಪಾಗಿರಬಹುದು. ಅದನ್ನು ದಾಟಿ ಬಂದ ದಿನ ಮನೆಗೆ ಬಂದು ಅಡಿಭಾಗಕ್ಕೆ ಬಾವಿನೀರು ಬಿಡಿ. ಸ್ಪ್ರಿಂಗ್ ಪ್ಲೇಟು, ಚಕ್ರದ ಕಮಾನು, ಚಾಸಿಯ ಒಳಗು ಎಲ್ಲ ತೊಳೆಯಬೇಕು. ಮರಳಿನ ಮೇಲೆ, ಅಲೆ ತಾಗುವ ಕಡೆ ಹಳೆ ಜೀಪು ಇಳಿಸಲೇಬೇಡಿ.

ತುಕ್ಕಿನಿಂದ ಜೀವಕ್ಕೇ ಅಪಾಯ ಆಗುವ ಜಾಗ ಬ್ರೇಕ್ ಪೈಪು. ಚಾಸಿಯ ಉದ್ದಕ್ಕೂ ಹೋಗುವ ಸಣ್ಣ ಉಕ್ಕಿನ ಪೈಪಿನ ಕ್ಲಿಪ್ಪುಗಳ ಕೆಳಗೆ ಮಣ್ಣು ಕೂತು ತುಕ್ಕು ಹಿಡಿಯುತ್ತದೆ. ಬಟ್ಟೆಯಲ್ಲಿ ಒರೆಸಿ ನೋಡಿ. ಪದರ ಏಳುತ್ತಿದ್ದರೆ ಬದಲಾಯಿಸುವವರೆಗೆ ಗಾಡಿ ತೆಗೆಯಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿ ಒಳಗಿನಿಂದಲೂ ಪೈಪನ್ನು ಕೆಡಿಸುತ್ತದೆ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ.

ಮಳೆಗಾಲದ ನಡುವೆ ಹೊಸ ತುಕ್ಕು ಕಂಡರೆ ಆಗಲೇ ಪೇಂಟ್ ಹೊಡೆಯಲು ಹೋಗಬೇಡಿ, ತೇವದ ಮೇಲೆ ಅದು ನಿಲ್ಲುವುದಿಲ್ಲ. ಒರೆಸಿ, ಒಣಗಿಸಿ, ಮೇಣದ ಸ್ಪ್ರೇ ಹೊಡೆದು ಫೋಟೋ ತೆಗೆದಿಡಿ. ಅಕ್ಟೋಬರ್-ನವೆಂಬರ್‌ನ ತುಲಾ ಮಳೆಯೂ ಮುಗಿದು ಡಿಸೆಂಬರ್ ಬಂದಾಗ ಆ ಫೋಟೋಗಳನ್ನು ಟಿಂಕರಿಂಗ್‌ನವರಿಗೆ ತೋರಿಸಿ. ಕೆಲಸದ ಮೊದಲು ಆ ಮೇಣವನ್ನು ಪೂರ್ತಿ ತೆಗೆಯಲು ಹೇಳಿ. ವೆಲ್ಡಿಂಗ್, ಪೇಂಟಿಂಗ್ ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಆಗಲಿ. ಗಾಳಿ ಒಣಗಿರುವ ಆ ತಿಂಗಳುಗಳಲ್ಲಿ ಹೊಡೆದ ಪೇಂಟ್ ತಗಡನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.